ಅವ್ವ ಹೇಳದೆ ಹೋದ ಸೊಪ್ಪು

ಹೋದ ವಾರ ಮಗಳು ಶ್ರೀನಿವಾಸಪುರದ ಅಂಗಡಿಯಿಂದ ತಂದ ಗಿಡಮೂಲಿಕೆ ಟಾನಿಕ್ಕಿನ ಮುಚ್ಚಳ ತಿರುಗಿಸಿದಾಗ, ಹಸಿಸೊಪ್ಪು ಅರೆದ ಒಗರು ವಾಸನೆಯೊಂದು ಅಡುಗೆಮನೆಯಲ್ಲಿ ಎದ್ದಿತು. ನಮ್ಮ ಯಜಮಾನರ ಕಾಮಾಲೆ ಆಸ್ಪತ್ರೆಯಲ್ಲೇ ವಾಸಿಯಾಗಿತ್ತು. ಇದು ಶಕ್ತಿಗೆ ಅಂತ ಅಂಗಡಿಯವರು ಕೊಟ್ಟದ್ದಂತೆ. ಆ ಅಂಗಡಿಯಲ್ಲಿ ಈಗ ನೆಲ್ಲಿರಸ, ಅಮೃತಬಳ್ಳಿ ಮಾತ್ರೆ, ಮೊಳಕೆ ರಾಗಿಹಿಟ್ಟಿಗೆಂದೇ ಒಂದು ಗೋಡೆ ಇದೆ. ಸೀಸೆಯ ಮೇಲೆ ಇರುವೆಸಾಲಿನಂಥ ಅಕ್ಷರದಲ್ಲಿ ಹನ್ನೊಂದು ಗಿಡಗಳ ಹೆಸರಿತ್ತು. ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದಿದೆ. ಇವುಗಳಲ್ಲಿ ನಮ್ಮವ್ವನ ಗಿಡ ಯಾವುದು?

ಅವ್ವ ಎಂದರೆ ನನ್ನ ಅಪ್ಪನ ತಾಯಿ. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಿರಬಹುದು. ರಾಯಲ್ಪಾಡಿನ ಹತ್ತಿರದ ನಮ್ಮ ಊರಿಗೆ ಭಾನುವಾರ ಬೆಳಗಾದರೆ ಕಾಮಾಲೆಯಾದವರು ಬರುತ್ತಿದ್ದರು, ಗಡಿಯಾಚೆಯ ತೆಲುಗಿನವರೂ. ಅವ್ವ ಯಾರೊಂದಿಗೂ ಮಾತಾಡದೆ ಹೊಲದ ಕಡೆ ಹೋಗಿ, ಸೊಪ್ಪನ್ನು ಸೆರಗಿನಲ್ಲಿ ಮುಚ್ಚಿ ತಂದು, ನಮಗೆ ಬೆನ್ನು ಮಾಡಿ ಕೂತು ಅರೆಯುತ್ತಿದ್ದಳು. ಮಜ್ಜಿಗೆಯಲ್ಲಿ ಕದಡಿ ಕುಡಿಸಿದ ಮೇಲೆ ಕಲ್ಲನ್ನೂ ತಾನೇ ತೊಳೆಯುತ್ತಿದ್ದಳು. ಗಿಡವನ್ನು ಒಬ್ಬರಿಗೆ ಮಾತ್ರ ತೋರಿಸಬೇಕು, ತೋರಿಸಿದ ದಿನವೇ ತೋರಿಸಿದವರ ಕೈಗುಣ ಹೋಗುತ್ತದೆ ಎಂಬುದು ಆ ಮನೆಯ ಕಟ್ಟಳೆ. ಆ ಒಬ್ಬರು ಅವ್ವನ ಕಿರಿಸೊಸೆ, ನನ್ನ ಚಿಕ್ಕಮ್ಮ ಎಂಬುದು ಎಲ್ಲರಿಗೂ ಗೊತ್ತಿತ್ತು. ಮದುವೆಯಾಗಿ ಬಂದ ವರ್ಷ ಕಾಮಾಲೆಯಾದಾಗ ತನ್ನ ಜೀವ ಉಳಿಸಿದ್ದು ಅದೇ ಸೊಪ್ಪು ಎಂದು ಚಿಕ್ಕಮ್ಮ ನಂಬಿದ್ದಳು.

“ಅತ್ತೆ, ಈ ವಾರವಾದ್ರೂ ತೋರ್ಸಿ.”

“ನಾನ್ಯಾವಾಗ ಹೋಗ್ತೀನೋ ಅಂತ ಕಾಯ್ತಾ ಇದ್ದೀಯೇನೇ?”

“ಅಯ್ಯೋ, ನೂರು ವರ್ಷ ಇರಿ. ಗಿಡ ತೋರ್ಸಿಬಿಟ್ಟು ಇರಿ!”

“ತೋರ್ಸಿದ್ಮೇಲೆ ನಂಗೇನೇ ಕೆಲ್ಸ? ನಿಮಗೆಲ್ಲ ಮುದ್ದೆ ಕಟ್ಕೊಂಡ್ ಕೂತ್ಕೊಳ್ಳಾ?”

ಇಬ್ಬರೂ ನಗುತ್ತಿದ್ದರು. ಆ ನಗುವಿನಲ್ಲೇ ಎಷ್ಟೋ ಭಾನುವಾರಗಳು ಹೋದವು.

ನನಗೆ ಹತ್ತು ತುಂಬಿದ್ದ ವರ್ಷ ಅವ್ವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ನಾಲಗೆ ಮೂರೂ ಬಿದ್ದುಹೋದವು. ಚಿಕ್ಕಮ್ಮ ಹೊಲದ ಬದು, ಕೆರೆಯಂಗಳ, ಬೇಲಿಸಾಲು ಎಲ್ಲ ತಿರುಗಿ ಕಂಡ ಸೊಪ್ಪನ್ನೆಲ್ಲ ಕಿತ್ತು ಮೊರದ ತುಂಬ ತಂದಳು. ಹಾಸಿಗೆಯ ಪಕ್ಕ ಕೂತು ಒಂದೊಂದೇ ಕಡ್ಡಿಯನ್ನು ಅವ್ವನ ಕಣ್ಣೆದುರು ಹಿಡಿದು, “ಇದಾ ಅತ್ತೆ? ಇದಾ?” ಎಂದು ಕೇಳಿದಳು. ಮೊದಲ ದಿನ ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು, ಯಾವುದಕ್ಕೂ ತಲೆಯಾಡಿಸಲಿಲ್ಲ. ಮೂರನೆಯ ದಿನ ಸೊಪ್ಪಿನ ಕಡೆ ನೋಡಲೇ ಇಲ್ಲ. ಮುಳ್ಳು ಗೀರಿದ ಚಿಕ್ಕಮ್ಮನ ಕೈಗಳನ್ನೇ ನೋಡುತ್ತಿದ್ದಳು. ಅವಳ ಕಣ್ಣ ಕೊನೆಯಿಂದ ನೀರು ಕಿವಿಯ ಕಡೆಗೆ ಇಳಿಯಿತು.

ಮರುದಿನ ಭಾನುವಾರ. ಗಡಿಯಾಚೆಯಿಂದ ಒಬ್ಬಾತ ಹೆಂಡತಿಯನ್ನು ನಡೆಸಿಕೊಂಡು ಬಂದ. ಆಕೆಯ ಕಣ್ಣು ಅರಿಶಿನದಲ್ಲಿ ಅದ್ದಿದಂತಿತ್ತು.

“ಅವ್ವ ಉಂದಾಮ್ಮಾ?” ಎಂದು, ಇದ್ದಾಳಾ ಅಂತ, ಬಾಗಿಲಿಗೆ ಬಂದ ಚಿಕ್ಕಮ್ಮನನ್ನು ತೆಲುಗಿನಲ್ಲಿ ಕೇಳಿದ.

“ಅವ್ವಂಗೆ ಹುಷಾರಿಲ್ಲಪ್ಪ. ಮಾತೇ ಇಲ್ಲ.”

“ನೀವೇ ಏನೋ ಒಂದು ಸೊಪ್ಪು ಕೊಡಿ ತಾಯಿ. ಈ ಮನೇದಾದ್ರೆ ಸಾಕು.”

ಮೊರ ಒಳಗೇ ಇತ್ತು. ಚಿಕ್ಕಮ್ಮ ಹೊಸಿಲ ಮೇಲಿಂದ ತಿರುಗಿ ಅದರ ಕಡೆ ನೋಡಿದ್ದನ್ನು ನಾನು ಕಂಡೆ. ಆಮೇಲೆ ಹೇಳಿದಳು: “ನಂಗೆ ಗೊತ್ತಿಲ್ಲಣ್ಣ. ಆಸ್ಪತ್ರೆಗೆ ಕರ್ಕೊಂಡ್ ಹೋಗಿ. ಶ್ರೀನಿವಾಸಪುರದ ಬಸ್ಸು ಈಗ ಬರುತ್ತೆ.”

ಅವಳು ಒಳಗೆ ಬಂದಾಗ ಅವ್ವನ ಎಡಗೈ ಚಾಚಿಕೊಂಡಿತ್ತು. ಎಲ್ಲವೂ ಕೇಳಿಸಿತ್ತು. ಆ ಕೈ ಚಿಕ್ಕಮ್ಮನ ಮಣಿಕಟ್ಟು ಹಿಡಿಯಿತು. ಬಸ್ಸಿನ ಸದ್ದು ಕೆರೆ ಏರಿಯ ಮೇಲೆ ಪೂರಾ ಅಡಗುವವರೆಗೂ ಬಿಡಲಿಲ್ಲ.

ಮಧ್ಯಾಹ್ನ ಚಿಕ್ಕಮ್ಮ ಮೊರವನ್ನು ಹಿತ್ತಲಿಗೆ ಒಯ್ದು ಬಾಡಿದ ಸೊಪ್ಪನ್ನೆಲ್ಲ ಮೇಕೆಯ ಮುಂದೆ ಸುರಿದಳು. ಮೇಕೆ ಒಂದೊಂದನ್ನೂ ಮೂಸಿ ನೋಡಿತು. ಆಮೇಲೆ ಒಂದು ಕಡ್ಡಿಯನ್ನೂ ಬಿಡದೆ ತಿಂದಿತು.