ಡುಫಿಯೆ ಹೆತ್ತ ಸುಮಿನಾ

ಎನ್‌ಟೊನ್ಸೊ ಊರಿನಲ್ಲಿ ಬಟ್ಟೆಗೆ ಅಚ್ಚೊತ್ತುವುದರಲ್ಲಿ ಡುಫಿಯೆಯನ್ನು ಮೀರಿಸುವವರಿರಲಿಲ್ಲ. ತೊಗಟೆ ಕುದಿಸಿ ಇಳಿಸಿದ ಕಪ್ಪು ಬಣ್ಣದಲ್ಲಿ ಸೋರೆಬುರುಡೆಯಲ್ಲಿ ಕೆತ್ತಿದ ಅಚ್ಚನ್ನು ಅದ್ದಿ ಅವಳು ಒತ್ತಿದರೆ ಒಂದು ಹನಿಯೂ ಆಚೀಚೆ ಸಿಡಿಯುತ್ತಿರಲಿಲ್ಲ. ಮೂರು ಸಲ ಬಸಿರಾದಳು. ಮೂರು ಸಲವೂ ಮಗು ಹೊಟ್ಟೆಯೊಳಗೆ ಮಿಸುಕಾಡತೊಡಗಿ, ಗಂಡ ಒಪೊಕು ಹೆಸರು ಯೋಚಿಸುವ ಹೊತ್ತಿಗೆ ಅಲುಗಾಟ ನಿಂತುಹೋಯಿತು.

ಮೂರನೆಯದೂ ಹೋದಾಗ ಅತ್ತೆ ಅವಳನ್ನು ಪ್ರಾರ್ಥನಾ ಮಂದಿರದ ಪ್ರವಾದಿಯ ಬಳಿಗೆ ಕರೆದೊಯ್ದಳು. ಆತ ಕಣ್ಣುಮುಚ್ಚಿ, "ನಿನ್ನ ತಾಯಿ ಕಡೆ ಮುದುಕಿಯೊಬ್ಬಳು ನಿನ್ನ ಹೊಟ್ಟೆ ಕಟ್ಟಿದ್ದಾಳೆ" ಎಂದ. ತಾಯಿ ಕಡೆ ಉಳಿದಿದ್ದ ಮುದುಕಿ ದೊಡ್ಡಮ್ಮ ಅಫ್ರಾಕೊಮಾ ಒಬ್ಬಳೇ. ತಾಯಿ ಸತ್ತ ಮೇಲೆ ಡುಫಿಯೆಯನ್ನು ಸಾಕಿದವಳು, ಅಚ್ಚೊತ್ತಲು ಕಲಿಸಿದವಳು. ಅಂದಿನಿಂದ ಡುಫಿಯೆ ಆ ಮನೆಯ ಹೊಸಿಲು ತುಳಿಯಲಿಲ್ಲ.

ಮುಂದಿನ ಮಳೆಗಾಲದಲ್ಲಿ ಅವಳ ಎಡಗಾಲು ಬಾಳೆದಿಂಡಿನಂತೆ ಬಾತುಕೊಂಡಿತು. ಒಪೊಕು ಅವಳನ್ನು ಕುಮಾಸಿ ನಗರದ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿನ ಡಾಕ್ಟರ್ ಅಂಪೊಮಾ ಕಾಲನ್ನು ನೋಡಿ, ಕಾಲಿಗೆ ಸಂಬಂಧವೇ ಇಲ್ಲದ ಪ್ರಶ್ನೆ ಕೇಳಿದಳು: "ಮಕ್ಕಳೆಷ್ಟಮ್ಮಾ?"

ಡುಫಿಯೆ ಹೇಳಿದಳು. ಡಾಕ್ಟರ್ ಬರೆಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು. ರಕ್ತ ಪರೀಕ್ಷೆ ಆಯಿತು. ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಆಯಿತು. ಎರಡು ಸಲವೂ ಒಂದೇ ಉತ್ತರ.

"ನಮ್ಮ ರಕ್ತದಲ್ಲಿ ರೋಗದ ಜೊತೆ ಹೊಡೆದಾಡೋ ಕಾವಲುಗಾರರಿದಾರೆ. ನಿನ್ನ ಕಾವಲುಗಾರರು ನಿನ್ನ ಮೇಲೇ ತಿರುಗಿ ಬಿದ್ದಿದಾರೆ. ಅದಕ್ಕೇ ಬೇಡದ ಕಡೆ ರಕ್ತ ಹೆಪ್ಪುಗಟ್ಟುತ್ತೆ. ಕಾಲಲ್ಲಿ ಆಗಿದ್ದೂ ಅದೇ, ಮಗೂಗೆ ಊಟ ಕೊಡೋ ಮಾಸಿನಲ್ಲಿ ಆಗಿದ್ದೂ ಅದೇ ಅನ್ಸುತ್ತೆ."

"ಯಾರೋ ಕಟ್ಟಿದ್ದಲ್ವಾ?"

"ಯಾರೂ ಕಟ್ಟಿಲ್ಲ. ಕಾಲಿಗೆ ಅಂತ ಈಗ ಕೊಟ್ಟಿರೋ ಮಾತ್ರೆ ಬಸಿರಲ್ಲಿ ತಗೊಳ್ಳೋ ಹಾಗಿಲ್ಲ. ಮುಟ್ಟು ನಿಂತ ಕೂಡ್ಲೇ ಬಾ. ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಹೊಟ್ಟೆ ಚರ್ಮಕ್ಕೊಂದು ಸೂಜಿ, ಜೊತೆಗೊಂದು ಚಿಕ್ಕ ಆಸ್ಪಿರಿನ್. ಖಂಡಿತ ಅಂತ ಹೇಳಲ್ಲ. ಆದ್ರೆ ತುಂಬಾ ಜನಕ್ಕೆ ಮಗು ಉಳಿದಿದೆ."

ಊರಿಗೆ ಬಂದವಳು ತನ್ನ ಮನೆಗೆ ಹೋಗದೆ ನೇರ ದೊಡ್ಡಮ್ಮನ ಮನೆಗೆ ಹೋದಳು. ಅಂಗಳದಲ್ಲಿ ಗೆಣಸು ಹೆರೆಯುತ್ತಿದ್ದ ಅಫ್ರಾಕೊಮಾ ತಲೆ ಎತ್ತಿದಳು.

"ಮಾಟಗಾತಿ ಮನೇಲಿ ನೀರು ಕುಡೀತೀಯಾ, ಇಲ್ಲ ಅದಕ್ಕೂ ಪ್ರವಾದಿನ ಕೇಳ್ಬೇಕಾ?"

ಡುಫಿಯೆ ಚೊಂಬನ್ನು ತೆಗೆದುಕೊಂಡು ಅಷ್ಟನ್ನೂ ಕುಡಿದಳು. ಅಲ್ಲೇ ಗೆಣಸಿನ ಪಕ್ಕ ಕೂತು ಕಣ್ಣೊರೆಸಿಕೊಂಡಳು.

"ಸರಿ, ಅಳೋದಾದ್ರೆ ಊಟ ಮಾಡಿ ಅಳು" ಎಂದಳು ಮುದುಕಿ.

ಮರುವರ್ಷ ಮುಟ್ಟು ನಿಂತಿತು. ಮೊದಲ ಸೂಜಿ ಹಿಡಿದ ಒಪೊಕು ಬೆವತು ನೆಲಕ್ಕೆ ಕೂತುಬಿಟ್ಟ. "ನೀನು ಹೋಗಿ ಕುರ್ಚಿ ಮಾಡಪ್ಪಾ" ಎಂದು ದೊಡ್ಡಮ್ಮ ಆ ಬಡಗಿಯ ಕೈಯಿಂದ ಸೂಜಿ ಕಿತ್ತುಕೊಂಡಳು. ನರ್ಸು ತೋರಿಸಿಕೊಟ್ಟಂತೆ ದಿನವೂ ಬೆಳಗ್ಗೆ ಚರ್ಮವನ್ನು ಚಿವುಟಿ ಹಿಡಿದು ಚುಚ್ಚುತ್ತಿದ್ದಳು. ಹೊಟ್ಟೆಯ ತುಂಬ ಕಂದು ಕಲೆಗಳೆದ್ದವು. "ನೋಡೇ, ನನ್ನ ಅಚ್ಚು ಈಗಲೂ ಸಾಲು ತಪ್ಪಲ್ಲ" ಎಂದು ನಗುತ್ತಿದ್ದಳು.

ಹಿಂದಿನ ಮೂರನ್ನೂ ಕಸಿದುಕೊಂಡ ಹೊತ್ತು ಬಂತು. ಡುಫಿಯೆ ಕೆಲಸ ಬಿಟ್ಟು ಹೊಟ್ಟೆಯ ಮೇಲೆ ಕೈಯಿಟ್ಟು ಕೂತಳು. ಒಂದು ಬೆಳಗ್ಗೆ ಎಷ್ಟು ಕಾದರೂ ಮಗು ಅಲುಗಲಿಲ್ಲ. ಕುಮಾಸಿಯ ಆಸ್ಪತ್ರೆ ತಲುಪುವವರೆಗೆ ದೊಡ್ಡಮ್ಮ ಅವಳ ಕೈ ಬಿಡಲಿಲ್ಲ.

ಸ್ಕ್ಯಾನಿನ ಕೋಣೆಯಲ್ಲಿ ಡಬಡಬ ಎಂದು ಸದ್ದು ಕೇಳಿಸಿತು, ಅವಸರದಲ್ಲಿ ಯಾರೋ ಒನಕೆಯಲ್ಲಿ ಕುಟ್ಟುತ್ತಿರುವಂತೆ.

"ಅದು ನನ್ನೊಳಗಿಂದ ಬರ್ತಿರೋದಾ?"

"ನಿನ್ನ ಮಗೂದು. ನಿದ್ದೆ ಮಾಡ್ತಿತ್ತು, ಎಬ್ಬಿಸಿದೀವಿ" ಎಂದು ಡಾಕ್ಟರ್ ಪರದೆಯ ಕಡೆ ಬೆರಳು ತೋರಿಸಿದಳು. ಕೆಂಪು, ನೀಲಿ ಎರಡು ಎಳೆಗಳು ಒಂದಕ್ಕೊಂದು ಸುತ್ತಿಕೊಂಡು ಮಿಡಿಯುತ್ತಿದ್ದವು. "ಇದು ಹೊಕ್ಕುಳಬಳ್ಳಿ. ರಕ್ತ ಹರೀತಿದೆ ನೋಡು."

ಇಷ್ಟು ವರ್ಷ ಬಣ್ಣದಲ್ಲೇ ಬದುಕಿದ ಡುಫಿಯೆ ಅಂಥ ಕೆಂಪನ್ನು ಕಂಡಿರಲಿಲ್ಲ. ದೊಡ್ಡಮ್ಮ ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದು, ದೊರೆಯ ಎದುರು ನಿಂತವಳಂತೆ ನಿಂತಿದ್ದಳು.

ದಿನ ತುಂಬಲು ಸ್ವಲ್ಪ ಮೊದಲೇ ಆಸ್ಪತ್ರೆಗೆ ಸೇರಿಸಿಕೊಂಡು, ಸೂಜಿ ನಿಲ್ಲಿಸಿ ಹೆರಿಗೆ ಮಾಡಿಸಿದರು. ಹೆಣ್ಣುಮಗು. ಚಿಕ್ಕದು, ಆದರೆ ಕೂಗು ದೊಡ್ಡದು. ಮಾಸನ್ನು ಮಗುಚಿ ನೋಡಿದ ಡಾಕ್ಟರ್ ಎರಡು ಕಡೆ ಬಿಳಿಚಿದ ಗಂಟುಗಳನ್ನು ತೋರಿಸಿದಳು. ಅಲ್ಲಿ ಮಾತ್ರ ರಕ್ತದ ದಾರಿ ಮುಚ್ಚಿತ್ತು. ಉಳಿದದ್ದೆಲ್ಲ ತೆರೆದೇ ಇತ್ತು.

ಎಂಟನೆಯ ದಿನ ಹೆಸರಿಡಲು ಎಲ್ಲರೂ ಸೇರಿದಾಗ ದೊಡ್ಡಮ್ಮ, "ಸುಮಿನಾ" ಎಂದಳು. ಅಂದರೆ ತಿಪ್ಪೆ. ಸಾವು ಮೂಗು ಮುಚ್ಚಿಕೊಂಡು ಹೋಗಲಿ ಎಂದು ಹಿಂದಿನವರು ಇಡುತ್ತಿದ್ದ ಹೆಸರು.

"ಅಷ್ಟೊಂದು ಸೂಜಿ ಹಾಕಿಸ್ಕೊಂಡ ಮೇಲೆ ಅದ್ಯಾಕೆ?" ಎಂದು ಅತ್ತೆ ಮುಖ ಸಿಂಡರಿಸಿದಳು.

"ಸೂಜಿ ತನ್ನ ಕೆಲಸ ಮಾಡ್ತು. ಹೆಸರೂ ತನ್ನ ಕೆಲಸ ಮಾಡ್ಲಿ ಬಿಡಿ."

ಡುಫಿಯೆಗೆ ಆ ವಾದ ಕೇಳಿಸಲಿಲ್ಲ. ಮಗುವಿನ ನೆತ್ತಿಯ ಮೆತ್ತನೆಯ ಜಾಗ ಒಂದೇ ಸಮನೆ ಮಿಡಿಯುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು, ಮುಟ್ಟುವ ಧೈರ್ಯವಿಲ್ಲದೆ.