ಈಶ್ವರನ ಫೋಟೊ ಮೇಲಿನ ಬಿಳಿ ಪುಡಿ

ಕುಂಬಾರಕೊಪ್ಪಲಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನಾನು ಚಿಪ್ಪಣಬೆ ಬೆಳೆಯುತ್ತೇನೆ. ಭತ್ತದ ಹುಲ್ಲು ತುಂಬಿದ ಪ್ಲಾಸ್ಟಿಕ್ ಚೀಲಗಳು ಅಲ್ಲಿ ಸಾಲಾಗಿ ನೇತಾಡುತ್ತವೆ. ನನ್ನ ಅತ್ತೆ ಲಿಂಗಪೂಜೆಯಾಗದೆ ಕಾಫಿಯನ್ನೂ ಮುಟ್ಟುವವರಲ್ಲ. ಅಣಬೆ ಮಾಂಸದ ಜಾತಿಯದೆಂದು ತಿನ್ನುವುದಿಲ್ಲ, ಆದರೆ ಬೆಳೆಯಬೇಡ ಅಂತ ಒಂದು ದಿನವೂ ಅಂದವರಲ್ಲ.

ಹೋದ ವರ್ಷ ಶ್ರಾವಣ ಬಂದಿದ್ದೇ ತಡ, ಅಣಬೆ ಕೇಳುವವರೇ ಇಲ್ಲವಾದರು. ಕೊಯ್ದು ಏನು ಮಾಡಲಿ ಅಂತ ಚೀಲದಲ್ಲೇ ಬಿಟ್ಟಿದ್ದೆ. ಒಂದು ಬೆಳಗ್ಗೆ ಅತ್ತೆ ದೇವರ ಮನೆಯಿಂದ ಕರೆದರು. ಈಶ್ವರನ ಫೋಟೊದ ಗಾಜಿನ ಮೇಲೆ, ಗೂಡಿನ ತುಂಬ, ನುಣ್ಣನೆಯ ಬಿಳಿ ಪುಡಿ.

"ವಿಭೂತಿ ಉದುರಿದೆ ನೋಡಮ್ಮ," ಅಂದರು. ಬೆರಳಲ್ಲಿ ಒರೆಸಿ ಹಣೆಗೆ ಹಚ್ಚಿಕೊಂಡು, ಒಂದು ಚಿಟಿಕೆ ಬಾಯಿಗೂ ಹಾಕಿಕೊಂಡರು. ಮಿಕ್ಕಿದ್ದನ್ನು ಬಳಿದು ಡಬ್ಬಿಗೆ ತುಂಬಿಟ್ಟರು.

ನಾನು ತಲೆಯೆತ್ತಿ ಗೋಡೆ ನೋಡಿದೆ. ದೇವರ ಮನೆಗೂ ಅಣಬೆ ಕೋಣೆಗೂ ನಡುವೆ ಒಂದು ಗವಾಕ್ಷಿ ಇದೆ. ಅಣಬೆಗೆ ಹೂವಿಲ್ಲ, ಬೀಜವಿಲ್ಲ. ಕೊಡೆ ಬಲಿತ ಮೇಲೆ ಅದರ ಅಡಿಯ ಪದರಗಳಿಂದ ಕಣ್ಣಿಗೆ ಕಾಣದ ಕಣಗಳು ಲಕ್ಷಗಟ್ಟಲೆ ಉದುರಿ, ಗಾಳಿ ಹಿಡಿದು ಹೊರಡುತ್ತವೆ. ತೇವ ಸಿಕ್ಕಲ್ಲಿ ಮೊಳೆತು ಎಳೆ ಬಿಡುತ್ತವೆ, ಒಂದರ ಎಳೆ ಇನ್ನೊಂದರ ಎಳೆಯನ್ನು ಕೂಡಿಕೊಂಡರೆ ಮತ್ತೆ ಅಣಬೆ. ಒಂದೇ ಕಡೆ ದಟ್ಟವಾಗಿ ಬಿದ್ದರೆ ಹೀಗೆ ಬಿಳಿ ಪುಡಿಯಾಗಿ ಕಾಣುತ್ತವೆ. ಅಣಬೆ ಬೆಳೆಯುವ ತರಬೇತಿಯಲ್ಲಿ ಇದನ್ನೆಲ್ಲ ಹೇಳಿ, ಉಬ್ಬಸದವರನ್ನು ಮಾತ್ರ ಹತ್ತಿರ ಬಿಡಬೇಡಿ ಎಂದಿದ್ದರು. ಅತ್ತೆಗೆ ಉಬ್ಬಸ ಹಳೆಯದು.

ಅವತ್ತೇ ಬಲಿತದ್ದನ್ನೆಲ್ಲ ಕಿತ್ತೆಸೆದು ಗವಾಕ್ಷಿಗೆ ರಟ್ಟು ಬಡಿದೆ. ಆದರೆ ಆ ಡಬ್ಬಿ ಏನು ಮಾಡುವುದು? ಅತ್ತೆ ದಿನಾ ಪೂಜೆಗೆ ಅದನ್ನೇ ತೆಗೆಯುತ್ತಿದ್ದರು. ಕೆಮ್ಮು ಜಾಸ್ತಿಯಾಯಿತು. ಅವರು ದೇವರ ಮನೆಗೆ ಹೋದರೆ ನಾನು ಒಲೆ ಸಣ್ಣ ಮಾಡಿ ಅವರ ಉಸಿರಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದೆ. ಕೈಗೆ ಕೆಲಸವೇ ಹತ್ತುತ್ತಿರಲಿಲ್ಲ. ಕೊನೆಗೆ ಹೇಳಿಯೇಬಿಟ್ಟೆ.

ಅತ್ತೆ ನಕ್ಕರು. "ನಿಂಗೆ ಎಲ್ಲದ್ರಲ್ಲೂ ಅಣಬೆನೇ ಕಾಣ್ತದೆ, ಬುಡು."

ಒಂದು ಸಂಜೆ ಅವರ ಎದುರೇ ಹೊಸ ಚೀಲದಿಂದ ಅಗಲವಾದ ಅಣಬೆಯೊಂದನ್ನು ಕೊಯ್ದು ತಂದೆ. ಅಡುಗೆಮನೆಯ ಕರೀ ಗ್ರಾನೈಟ್ ಕಟ್ಟೆಯ ಮೇಲೆ ಪದರ ಕೆಳಗಾಗುವಂತೆ ಇಟ್ಟು ಬಟ್ಟಲು ಮುಚ್ಚಿದೆ. ಬೆಳಗ್ಗೆ ಎತ್ತಿ ನೋಡಿದರೆ, ಕಲ್ಲಿನ ಮೇಲೆ ರಂಗೋಲಿ ಎಳೆದ ಹಾಗೆ ಸಣ್ಣ ಸಣ್ಣ ಬಿಳಿ ಗೆರೆಗಳು, ಅಣಬೆಯಡಿಯ ಪದರಗಳದ್ದೇ ಅಚ್ಚು.

ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಡಬ್ಬಿ ತಂದು, ಅದರ ಪುಡಿಯನ್ನೂ ಕಲ್ಲಿನ ಮೇಲಿನ ಪುಡಿಯನ್ನೂ ಬೆರಳುಗಳ ನಡುವೆ ಉಜ್ಜಿದರು. ಎರಡೂ ಒಂದೇ. ನಾನು ಗೆದ್ದಿದ್ದೆ, ಹೋದ ಜೀವ ಬಂದಂತಾಗಿತ್ತು.

"ತಗೊಂಡೋಗಿ ಚೆಲ್ಬುಡು," ಅಂದು ಡಬ್ಬಿಯನ್ನು ನನ್ನ ಕೈಗಿತ್ತರು. ಸೆರಗಿನಿಂದ ಹಣೆ ಒರೆಸಿಕೊಂಡರು. ಅವರ ಬರೀ ಹಣೆಯನ್ನು ನಾನು ಅವತ್ತಿನವರೆಗೆ ನೋಡಿರಲಿಲ್ಲ.

"ಈ ಉಸಿರೊಂದು ಸರಿ ಮಾಡಪ್ಪ ಅಂತ ದಿನಾ ಬೇಡ್ಕೋತಿದ್ದೆ ಕಣಮ್ಮ. ಕೇಳಿಸ್ಕೊಂಡ ಅಂದ್ಕೊಂಡಿದ್ದೆ."

ಅಷ್ಟು ಹೇಳುವುದಕ್ಕೂ ಅವರು ನಡುನಡುವೆ ನಿಲ್ಲಿಸಿ ಉಸಿರೆಳೆದುಕೊಳ್ಳಬೇಕಾಯಿತು.