ಕಠ್ಮಂಡುವಿನಲ್ಲಿ ಶೇಂಗಾ ಹೋಳಿಗೆ ಬಡಿಸಿದ ದಿನ

ನೇಪಾಳ ಯಾತ್ರೆಗೆ ಹೊರಟಾಗ ನಾನೂ ನನ್ನ ನೆಗೆಣ್ಣಿಯೂ, ಅಂದರೆ ಮೈದುನನ ಹೆಂಡತಿಯೂ, ಸೀರೆಗಿಂತ ಹೆಚ್ಚು ಶೇಂಗಾ ಹೋಳಿಗೆ ತುಂಬಿಕೊಂಡಿದ್ದೆವು. ನಾನು ಜಲನಗರದ ಶಾಲಾ ಟೀಚರು, ಅವಳು ಕಾಖಂಡಕಿ ಹಳ್ಳಿಯಲ್ಲಿ ಹೊಲಮನೆ ನೋಡಿಕೊಂಡಿರುವವಳು. ಪರದೇಶದಲ್ಲಿ ಉಪವಾಸ ಬೀಳುವ ಭಯ ಮಾತ್ರ ಇಬ್ಬರಿಗೂ ಒಂದೇ. ಅಲ್ಲಿನ ಅನ್ನ ಬೇಳೆ ಚೆನ್ನಾಗಿ ಒಗ್ಗಿಹೋಗಿ ಹೋಳಿಗೆಯ ಡಬ್ಬಿಗಳು ಹಾಗೇ ಉಳಿದವು. ನಮ್ಮ ಗೈಡ್ ತನ್ನ ಅಕ್ಕ ನಡೆಸುವ ಅನಾಥ ಮಕ್ಕಳ ಮನೆಯ ಅಡುಗೆಗೆ ಒಂದು ದಿನ ನೆರವು ಬೇಕಾಗಿದೆ ಎಂದಾಗ, ಡಬ್ಬಿಗಳ ಸಮೇತ ಎದ್ದು ಹೊರಟೆವು.

ಬೆಳಿಗ್ಗೆಯೆಲ್ಲ ಕಾಯಿಪಲ್ಲೆ ಹೆಚ್ಚಿದೆವು, ಸಣ್ಣವರ ತಲೆ ಬಾಚಿದೆವು. ಹಿಂದಿ ಚೆನ್ನಾಗಿ ಬಲ್ಲ ದೊಡ್ಡ ಹುಡುಗಿಯೊಬ್ಬಳು ನನಗೆ ಅಂಟಿಕೊಂಡಳು. ಮಧ್ಯಾಹ್ನ ಎದುರಿನ ಶಾಲೆಯವರ ಜೊತೆ ಫುಟ್‌ಬಾಲ್ ಇತ್ತು. ಇವರು ಒಮ್ಮೆಯೂ ಗೆದ್ದಿರಲಿಲ್ಲ. ಅವಳೇ ನಾಯಕಿ, ಬರುವ ತಿಂಗಳು ದೂರದ ಹಾಸ್ಟೆಲಿಗೆ ಹೋಗುವವಳು. ಇದೇ ತನ್ನ ಕೊನೆಯ ಆಟ, ಇಂದಾದರೂ ಗೆಲ್ಲಲೇಬೇಕು ಎಂದಳು.

ಆಡುವವರು ಗಟ್ಟಿಯಾಗಿ ಉಣ್ಣಬೇಕಲ್ಲ! ನಾವು ಸೆರಗು ಸಿಕ್ಕಿಸಿ ಹೋಳಿಗೆ ಬಡಿಸಲು ನಿಂತೆವು. ನಮ್ಮ ಕಡೆ ಬಡಿಸುವಾಗ ಯಾರನ್ನೂ ಕೇಳುವ ಪದ್ಧತಿಯಿಲ್ಲ. ಸಾಕು ಎಂದರೆ ಇನ್ನೊಂದು, ಕೈ ಅಡ್ಡ ಹಿಡಿದರೆ ಕೈಮೇಲೇ ಒಂದು. ಈ ಮಕ್ಕಳೋ ಸಾಕು ಅನ್ನಲೇ ಇಲ್ಲ. ಬಡಿಸಿದ್ದೆಲ್ಲ ಖಾಲಿ! "ಪಾಪ, ಎಷ್ಟ್ ಹಸದಾವ ನೋಡ ಬೇ! ಹಾಕ, ತುಪ್ಪಾ ಹಾಕ!" ಎಂದು ನೆಗೆಣ್ಣಿ ಕುಣಿದಾಡಿದಳು. ನನಗೂ ಹಿಗ್ಗೋ ಹಿಗ್ಗು.

ಡಬ್ಬಿ ಅರ್ಧಕ್ಕೆ ಬಂದಾಗ ಗೈಡಿನ ಅಕ್ಕ ಓಡಿಬಂದಳು. ತಟ್ಟೆಗೆ ಬಿದ್ದದ್ದನ್ನು ಚೂರೂ ಬಿಡಬಾರದು ಎಂಬುದು ಆ ಮನೆಯ ನಿಯಮವಂತೆ. ಮಕ್ಕಳು ಹಸಿವಿಗಲ್ಲ, ನಿಯಮಕ್ಕೆ ಉಂಡಿದ್ದವು! ತಂಡವಿಡೀ ಅಂಗಳದಲ್ಲಿ ಅಂಗಾತ ಬಿದ್ದು ಮುಲುಗುತ್ತಿತ್ತು. ನಾಯಕಿ ಗೋಡೆ ಹಿಡಿದು ನಿಂತಿದ್ದಳು, ಕಣ್ಣಲ್ಲಿ ನೀರು. ಅವಳು ನಮ್ಮನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಭೂಮಿ ಬಾಯಿ ಬಿಟ್ಟಿದ್ದರೆ ಅಲ್ಲೇ ಇಳಿದುಬಿಡುತ್ತಿದ್ದೆ.

ಅಷ್ಟರಲ್ಲಿ ಇಸ್ತ್ರಿ ಮಾಡಿದ ಜರ್ಸಿ ತೊಟ್ಟು ಎದುರಾಳಿಗಳು ಗೇಟಿನೊಳಗೆ ಬಂದರು, ಜೊತೆಗೆ ಅವರ ಮಾಸ್ತರರು. ನೆಗೆಣ್ಣಿ ನನ್ನ ಮುಖ ನೋಡಿದಳು. "ಮನಿಗೆ ಬಂದವ್ರನ್ನ ಹಂಗ ಹ್ಯಾಂಗ ಆಡಾಕ ಬಿಡೂದು? ಮದಲ ಉಣ್ಣಲಿ!"

"ಇದು ಮೋಸ ಅಲ್ಲೇನ?" ಎಂದೆ.

"ಮೋಸ ಏನ್ ಬಂತ ಬೇ? ತುಪ್ಪಾ ಹಾಕಿ ಕೊಡಾಕತ್ತೇವಿ!"

ನಕ್ಕು ನಕ್ಕು ನನ್ನ ಕೈಯಿಂದ ಸೌಟು ಬಿತ್ತು. ನಾಯಕಿ ಕಣ್ಣೊರೆಸಿಕೊಂಡು ತಾನೇ ಹೋಗಿ ತಟ್ಟೆ ತಂದಳು. ಬಂದವರು ಚಪ್ಪರಿಸಿ ಚಪ್ಪರಿಸಿ ತಿಂದರು. ಎಲ್ಲರಿಗಿಂತ ಹೆಚ್ಚು ತಿಂದವರು ಮಾಸ್ತರರೇ.

ಯಪ್ಪಾ, ಅದೆಂಥ ಆಟ! ಮದುವೆ ಊಟ ಮುಗಿಸಿದ ಬೀಗರು ಹೊಲ ನೋಡಲು ಹೊರಟಂತೆ ಎರಡೂ ತಂಡ ಅಡ್ಡಾಡಿದವು. ಚೆಂಡು ಉರುಳಿ ಹೋದರೆ, ನೀ ತಾ, ನೀ ತಾ ಎಂದು ಒಬ್ಬರ ಮುಖ ಒಬ್ಬರು ನೋಡುವುದು. ಮಾಸ್ತರರು ಮರದ ಕೆಳಗೆ ಗೊರಕೆ ಹೊಡೆದರು. ಕಡೆಗೆ ನಮ್ಮ ಹುಡುಗಿ ಹೊಟ್ಟೆ ಹಿಡಿದುಕೊಂಡೇ ಚೆಂಡನ್ನು ತಳ್ಳುತ್ತ ತಳ್ಳುತ್ತ ಗೋಲಿನವರೆಗೆ ನಡೆದಳು. ಗೋಲು ಕಾಯುತ್ತ ಕೂತಿದ್ದವನು ಏಳುವ ಮನಸ್ಸು ಮಾಡುವುದರೊಳಗೆ ಚೆಂಡು ಒಳಗೆ! ನಾನು ಚಪ್ಪಲಿ ಬಿಟ್ಟು ಮೈದಾನಕ್ಕೆ ನುಗ್ಗಿ ಕುಣಿದೆ. ನಮ್ಮ ಶಾಲೆಯ ಮಕ್ಕಳು ನೋಡಿದ್ದರೆ ಮತ್ತೆಂದೂ ನನಗೆ ಹೆದರುತ್ತಿರಲಿಲ್ಲ.

ಹೊರಡುವಾಗ ಆ ಹುಡುಗಿ ನಮ್ಮಿಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡು ಹಿಂದಿಯಲ್ಲಿ ಹೇಳಿದಳು: ಮುಂದಿನ ವರ್ಷವೂ ಬನ್ನಿ, ನಾನು ಇರುವುದಿಲ್ಲ, ಆದರೆ ಈ ಸಣ್ಣವರಿಗೆ ಯಾರಾದರೂ ಇರಬೇಕಲ್ಲ.

ನೆಗೆಣ್ಣಿಗೆ ಹಿಂದಿ ಬಾರದು. "ಏನಂತಾಳ ಬೇ?" ಎಂದು ನಗುತ್ತಲೇ ಕೇಳಿದಳು.

"ಮುಂದಿನ ವರ್ಷನೂ ಬರ್ರಿ ಅಂತಾಳ" ಎಂದೆ. ಉಳಿದದ್ದನ್ನು ನನ್ನಲ್ಲೇ ಇಟ್ಟುಕೊಂಡು ಖಾಲಿ ಡಬ್ಬಿಗಳನ್ನು ಎತ್ತಿಕೊಂಡೆ.